ಗೋಡೆಯ ಗೆರೆ ಎಷ್ಟು ದಪ್ಪ ಎಂದು ಎಲ್ಲಿ ಬರೆದಿಡಬೇಕು? ಲೇಯರ್, ಸ್ಟೈಲ್, ಕೆಟಗರಿಗಳ ಹೋಲಿಕೆ

ಒಂದು ಮನೆಯ ನಕ್ಷೆಯನ್ನು ಮುಂದಿಟ್ಟುಕೊಂಡೇ ನಕ್ಷೆ ಬಿಡಿಸುವ ಸಾಫ್ಟ್‌ವೇರ್‌ಗಳ ಈ ಹೋಲಿಕೆ ಮಾಡುತ್ತೇನೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಕಡೆಯ ಮನೆ ಅಂದುಕೊಳ್ಳಿ. ಮುಂದಿನ ಪಡಸಾಲೆ, ನಡುಮನೆ ಅಜ್ಜನ ಕಾಲದವು. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಹಿಂದೆ ಮೊಮ್ಮಗ ಹೊಸದಾಗಿ ಕಟ್ಟಿಸುತ್ತಿರುವುದು ಅಡುಗೆಮನೆ, ಎರಡು ಮಲಗುವ ಕೋಣೆ, ಬಚ್ಚಲು. ಹೊರಗೋಡೆ ಒಂಬತ್ತು ಇಂಚಿನ ಇಟ್ಟಂಗಿ, ಒಳಗೋಡೆ ನಾಲ್ಕೂವರೆ ಇಂಚು. ನಡುಮನೆಯ ಹಿಂದಿನ ಕಲ್ಲುಗೋಡೆಯಲ್ಲಿ ಒಂದು ಕಡೆ ಒಡೆದು ಬಾಗಿಲು ಕೂರಿಸಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಇಂಥ ಕೆಲಸ ಬರುತ್ತಲೇ ಇರುತ್ತದೆ.

ಈ ಒಂದೇ ಮನೆಗೆ ಮೂರು ಬಗೆಯ ಹಾಳೆ ಬೇಕು. ಅನುಮೋದನೆಗೆ 1:100, ಗೌಂಡಿಯವರ ಕೈಗೆ 1:50, ಬಚ್ಚಲು ಮತ್ತು ಅಡುಗೆ ಕಟ್ಟೆಯ ವಿವರಕ್ಕೆ 1:20. ಮೂರರಲ್ಲೂ ಗೋಡೆ ಅದೇ, ಕಾಣುವ ಬಗೆ ಬೇರೆ. 1:100ರಲ್ಲಿ ಎರಡು ದಪ್ಪ ಗೆರೆ ಸಾಕು. 1:50ರಲ್ಲಿ ಕಲ್ಲು ಯಾವುದು, ಇಟ್ಟಂಗಿ ಯಾವುದು ಎಂದು ನೋಡಿದ ಕೂಡಲೇ ತಿಳಿಯಬೇಕು. 1:20ರಲ್ಲಿ ಪ್ಲಾಸ್ಟರಿನ ಪದರವೂ ಟೈಲ್ಸಿನ ದಪ್ಪವೂ ಬೇಕು. ಹಳೆಯದು, ಒಡೆಯುವುದು, ಹೊಸದು ಎಂಬ ಗುರುತು ಎಲ್ಲ ಹಾಳೆಯಲ್ಲೂ ಇರಬೇಕು.

ಯಾವ ಸಾಫ್ಟ್‌ವೇರ್ ಕಲಿಯಲಿ ಎಂದು ಬೆಳಗಾವಿಯ ಕಿರಿಯ ಡ್ರಾಫ್ಟ್ಸ್‌ಮನ್‌ಗಳು ಕೇಳಿದಾಗ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಕಲ್ಲಿನ ಗೋಡೆ ಹಾಳೆಯ ಮೇಲೆ ಹೇಗೆ ಕಾಣಬೇಕು ಎಂಬ ತೀರ್ಮಾನ ನಿಮ್ಮ ಆಫೀಸಿನಲ್ಲಿ ಎಲ್ಲಿರುತ್ತದೆ? ಗೆರೆ ಎಳೆಯುವವರ ಕೈಯಲ್ಲಿಯೋ, ಗೋಡೆ ಎಂಬ ವಸ್ತುವಿನ ಒಳಗೋ, ಎಲ್ಲ ಗೋಡೆಗಳಿಗೂ ಸೇರಿದ ಒಂದು ಕೋಷ್ಟಕದಲ್ಲಿಯೋ? ಸಾಫ್ಟ್‌ವೇರ್‌ಗಳು ಒಂದರಿಂದ ಒಂದು ಬೇರೆಯಾಗುವುದು ಮುಖ್ಯವಾಗಿ ಈ ಜಾಗದಲ್ಲಿ. ತ್ರೀಡಿ ಬರುತ್ತದೋ ಇಲ್ಲವೋ ಎಂಬುದು ಅದರ ನಂತರದ ಮಾತು.

ಸಾದಾ ಆಟೋಕ್ಯಾಡ್: ಲೇಯರ್ ಮತ್ತು ಬಣ್ಣ

ಸಾದಾ ಆಟೋಕ್ಯಾಡಿಗೆ ಗೋಡೆ ಎಂದರೇನು ಎಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎರಡು ಸಮಾನಾಂತರ ಗೆರೆ, ಅವು ಕೂತಿರುವ ಲೇಯರ್, ಅಂದರೆ ಒಂದೇ ಜಾತಿಯ ಗೆರೆಗಳನ್ನು ಸೇರಿಸಿಡುವ ಪಾರದರ್ಶಕ ಹಾಳೆಯಂಥದ್ದು. ಗೆರೆಯ ಬಣ್ಣ, ದಪ್ಪ, ಚುಕ್ಕೆ ಎಲ್ಲವನ್ನೂ ಬೈಲೇಯರ್ ಎಂದು ಬಿಟ್ಟರೆ ಲೇಯರ್ ಹೇಳಿದಂತೆ ಗೆರೆ ಕೇಳುತ್ತದೆ. ಪ್ರಿಂಟಿನ ಹೊತ್ತಿಗೆ ಸಿಟಿಬಿ ಫೈಲ್ ಬರುತ್ತದೆ. ಅದರಲ್ಲಿ 255 ಬಣ್ಣಗಳಿಗೆ ಒಂದೊಂದು ಪೆನ್. ಹಳದಿ ಗೆರೆ 0.50 ಮಿಮೀ, ಕೆಂಪು ಗೆರೆ 0.18 ಮಿಮೀ ಎಂದು ಒಂದು ಸಲ ಬರೆದಿಟ್ಟರೆ ಆಯಿತು. ಬಣ್ಣವನ್ನು ಬಿಟ್ಟು ಹೆಸರಿನ ಮೇಲೆ ನಡೆಯುವ ಎಸ್‌ಟಿಬಿ ಪದ್ಧತಿಯೂ ಇದೆ. ಒಂದು ನಕ್ಷೆ ಎರಡರಲ್ಲಿ ಒಂದನ್ನು ಮಾತ್ರ ಬಳಸಬಲ್ಲದು. ಎಸ್‌ಟಿಬಿಯೇ ಹೆಚ್ಚು ಅಚ್ಚುಕಟ್ಟು ಎಂದು ನನಗೆ ಅನ್ನಿಸಿದರೂ, ನೀವು ಫೈಲ್ ಹಂಚಿಕೊಳ್ಳುವ ಇಂಜಿನಿಯರು ಸಿಟಿಬಿಯಲ್ಲಿದ್ದರೆ ನೀವೂ ಅಲ್ಲೇ ಇರುವುದು ಒಳ್ಳೆಯದು.

ಈ ಪದ್ಧತಿಯಲ್ಲಿ ನಮ್ಮ ಮನೆಗೆ ಕಲ್ಲು-ಹಳೆಯದು, ಕಲ್ಲು-ಒಡೆಯುವುದು, ಇಟ್ಟಂಗಿ-ಹೊಸದು, ಹ್ಯಾಚ್ (ಗೋಡೆಯೊಳಗೆ ತುಂಬುವ ಗೆರೆಗುರುತು), ಅಟ್ಟ, ಬಾಗಿಲು ಹೀಗೆ ಹತ್ತು ಹನ್ನೆರಡು ಲೇಯರ್ ಸಾಕು. ಕಲಿಯಲು ಒಂದು ವಾರ. ಕೆಲಸ ಬೇಗ ಸಾಗುತ್ತದೆ. ಯಾರ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ.

ಆದರೆ ಶಿಸ್ತು ಪೂರ್ತಿಯಾಗಿ ಮನುಷ್ಯರದು. ಕಲ್ಲಿನ ಗೋಡೆಯ ಒಂದು ಗೆರೆಯನ್ನು ಯಾರಾದರೂ ಬಾಗಿಲಿನ ಲೇಯರಿನಲ್ಲಿ ಎಳೆದರೆ ಸಾಫ್ಟ್‌ವೇರ್ ಎಚ್ಚರಿಸುವುದಿಲ್ಲ. ಬ್ಲಾಕ್‌ಗಳಲ್ಲಿ, ಅಂದರೆ ಒಮ್ಮೆ ಬಿಡಿಸಿ ಮತ್ತೆ ಮತ್ತೆ ಬಳಸುವ ಚಿತ್ರಗಳಲ್ಲಿ, ಈ ತೊಂದರೆ ಇನ್ನೂ ಹೆಚ್ಚು. ಬಾಗಿಲಿನ ಬ್ಲಾಕನ್ನು ಸೊನ್ನೆ ಲೇಯರಿನಲ್ಲಿ, ಬಣ್ಣ ಬೈಲೇಯರ್ ಆಗಿ ಮಾಡಿದ್ದರೆ ಅದು ತಾನು ಇಳಿದ ಲೇಯರಿನ ಗುಣವನ್ನು ತೆಗೆದುಕೊಳ್ಳುತ್ತದೆ. ಅದೇ ಬ್ಲಾಕಿನೊಳಗೆ ಕೆಂಪು ಬಣ್ಣವನ್ನೇ ನೇರವಾಗಿ ಹಾಕಿದ್ದರೆ ಲೇಯರ್ ಎಷ್ಟು ಬದಲಿಸಿದರೂ ಬಾಗಿಲು ಕೆಂಪಾಗಿಯೇ ಉಳಿಯುತ್ತದೆ. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬಂದ ಬ್ಲಾಕ್ ಲೈಬ್ರರಿಗಳಲ್ಲಿ ಇಂಥವೇ ತುಂಬಿರುತ್ತವೆ. ಹೊಸ ಆಫೀಸು ತೆರೆಯುವವರು ಮೊದಲ ತಿಂಗಳು ಈ ಲೈಬ್ರರಿ ಶುದ್ಧ ಮಾಡಿಕೊಳ್ಳಲು ಒಂದಿಷ್ಟು ಹೊತ್ತು ಎತ್ತಿಡಬೇಕು.

ವಿಜಯಪುರದ ಒಂದು ಸೈಟಿನಲ್ಲಿ ನನಗೆ ಆದ ಅನುಭವ ಹೇಳಬೇಕು. ಅಡುಗೆಮನೆಯಲ್ಲಿ ತಲೆಯ ಮೇಲೆ ಬರುವ ಅಟ್ಟವನ್ನು ಪದ್ಧತಿಯಂತೆ ತುಂಡುಗೆರೆಯಲ್ಲಿ ತೋರಿಸಿದ್ದೆ. ಪ್ರಿಂಟಿಗೆ ನಕ್ಷೆಯ ಫೈಲ್ ಮಾತ್ರ ಕಳಿಸಿದೆ, ಸಿಟಿಬಿ ಜೊತೆಗೆ ಹೋಗಲಿಲ್ಲ. ತುಂಡುಗೆರೆಯ ತುಂಡು ಎಷ್ಟು ಉದ್ದ ಎಂದು ಹೇಳುವ ಲೈನ್‌ಟೈಪ್ ಸ್ಕೇಲನ್ನೂ 1:50ಕ್ಕೆ ಸರಿಪಡಿಸಿರಲಿಲ್ಲ. ಹಾಳೆಯಲ್ಲಿ ಎಲ್ಲ ಗೆರೆಯೂ ಒಂದೇ ದಪ್ಪ, ತುಂಡುಗೆರೆ ಪೂರ್ತಿ ಗೆರೆ. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಅಟ್ಟದ ಕೆಳಗೆ ನೆಲದ ಮೇಲೆ ಎರಡು ವರಸೆ ಇಟ್ಟಂಗಿ ಕಟ್ಟಿಯಾಗಿದೆ. "ನಕ್ಷಾದಾಗ ಗೆರಿ ಐತಲ್ರಿ ಸರ್ರ, ಕಟ್ಟಿ ಅಂತ ತಿಳದ್ವಿ" ಅಂದರು ಗೌಂಡಿ ಕಾಕಾ. ಅವರು ಓದಿದ್ದು ಸರಿಯಾಗಿತ್ತು, ನಾನು ಬರೆದಿದ್ದೇ ತಪ್ಪು. ಗೆರೆಯ ದಪ್ಪ ಅಂದ ಚಂದದ ವಿಷಯವಲ್ಲ ಎಂದು ನನಗೆ ಮನದಟ್ಟಾಗಿದ್ದು ಆ ದಿನ. ಆಮೇಲಿಂದ ಪ್ರಿಂಟಿಗೆ ಪಿಡಿಎಫ್ ಮಾತ್ರ ಕಳಿಸುತ್ತೇನೆ. ಮೂಲ ಫೈಲನ್ನೇ ಕೊಡಬೇಕಾದರೆ ಈಟ್ರಾನ್ಸ್‌ಮಿಟ್ ಆಜ್ಞೆಯಿಂದ ಸಿಟಿಬಿ, ಫಾಂಟ್, ಎಕ್ಸ್‌ರೆಫ್ (ಈ ನಕ್ಷೆಗೆ ಜೋಡಿಸಿದ ಬೇರೆ ನಕ್ಷೆಗಳು) ಎಲ್ಲವನ್ನೂ ಒಟ್ಟಿಗೆ ಕಟ್ಟಿ ಕೊಡುತ್ತೇನೆ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಕನ್ನಡ ಬರೆಯುವವರು ಫಾಂಟಿನ ಮಾತು ನೆನಪಿಡಿ: ಎದುರಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ "ದೇವರ ಮನೆ" ಎಂಬ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕೂತಿರುತ್ತವೆ.

ಆಟೋಕ್ಯಾಡ್ ಆರ್ಕಿಟೆಕ್ಚರ್: ಗೋಡೆಗೇ ಒಂದು ಸ್ಟೈಲ್

ಆರ್ಕಿಟೆಕ್ಚರಲ್ ಡೆಸ್ಕ್‌ಟಾಪ್ ಎಂಬ ಹೆಸರಿನಲ್ಲಿದ್ದದ್ದು 2008ರ ಆವೃತ್ತಿಯಿಂದ ಆಟೋಕ್ಯಾಡ್ ಆರ್ಕಿಟೆಕ್ಚರ್ ಆಯಿತು. ಬಹಳ ಆಫೀಸುಗಳಿಗೆ ಗೊತ್ತಿಲ್ಲದ ಒಂದು ಸಂಗತಿ: 2019ರ ಆವೃತ್ತಿಯಿಂದ ಪೂರ್ಣ ಆಟೋಕ್ಯಾಡಿನ ಚಂದಾದಲ್ಲೇ ಈ ಆರ್ಕಿಟೆಕ್ಚರ್ ಟೂಲ್‌ಸೆಟ್ ಸೇರಿದೆ. ಕಡಿಮೆ ಸೌಲಭ್ಯದ ಎಲ್‌ಟಿ ಆವೃತ್ತಿಗೆ ಅದು ಇಲ್ಲ. ನೀವು ಪೂರ್ಣ ಆಟೋಕ್ಯಾಡಿಗೆ ಹಣ ಕಟ್ಟುತ್ತಿದ್ದು ಎರಡು ಗೆರೆ ಎಳೆದೇ ಗೋಡೆ ಮಾಡುತ್ತಿದ್ದರೆ, ಕೊಂಡ ಸಾಮಾನನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿಲ್ಲ ಎಂದರ್ಥ.

ಇಲ್ಲಿ ಗೋಡೆ ಒಂದು ವಸ್ತು. ಅದಕ್ಕೆ ವಾಲ್ ಸ್ಟೈಲ್ ಇರುತ್ತದೆ. ನಮ್ಮ ಮನೆಗೆ ಮೂರು ಸ್ಟೈಲ್ ಮಾಡುತ್ತೇನೆ: ಕಲ್ಲು-450, ಇಟ್ಟಂಗಿ-230, ಇಟ್ಟಂಗಿ-115. ಒಂದೊಂದರ ಒಳಗೂ ಪದರಗಳಿವೆ. ಇಟ್ಟಂಗಿ-230ಕ್ಕೆ ನಡುವೆ 230 ಮಿಮೀ ಇಟ್ಟಂಗಿ, ಒಳಬದಿ 12 ಮಿಮೀ ಪ್ಲಾಸ್ಟರ್, ಹೊರಬದಿ 20 ಮಿಮೀ ಪ್ಲಾಸ್ಟರ್. ಯಾವ ಪದರದ ಗೆರೆ ಎಷ್ಟು ದಪ್ಪ, ಯಾವ ಹ್ಯಾಚ್ ಎಂಬುದು ಸ್ಟೈಲಿನೊಳಗೇ ಇರುತ್ತದೆ. ಮುಂದೆ ಮನೆಯವರು "ಹೊರಗೋಡಿ ಎಂಟು ಇಂಚಿನ ಬ್ಲಾಕ್ ಮಾಡ್ರಿ" ಅಂದರೆ ಸ್ಟೈಲಿನಲ್ಲಿ ಒಂದು ಅಂಕಿ ಬದಲಿಸಿದರೆ ಆಯಿತು, ಆ ಸ್ಟೈಲಿನ ಗೋಡೆಗಳೆಲ್ಲ ಬದಲಾಗುತ್ತವೆ.

ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಗೋಡೆಗಳು ಕೂಡುವ ಜಾಗ. ಪ್ರತಿ ಪದರಕ್ಕೂ ಪ್ರಯಾರಿಟಿ ಎಂಬ ಸಂಖ್ಯೆ. ಚಿಕ್ಕ ಸಂಖ್ಯೆಯ ಪದರ ಮುಂದೆ ಹಾಯುತ್ತದೆ, ದೊಡ್ಡ ಸಂಖ್ಯೆಯದು ಅದರ ಮುಖಕ್ಕೆ ಬಂದು ನಿಲ್ಲುತ್ತದೆ. ಒಂದೇ ಸಂಖ್ಯೆ ಇದ್ದರೆ ಎರಡೂ ಬೆರೆಯುತ್ತವೆ. ಹಳೆಯ ಕಲ್ಲುಗೋಡೆಗೆ ಹೊಸ ಇಟ್ಟಂಗಿ ಗೋಡೆ ಬಂದು ತಾಗುವಲ್ಲಿ ಸೈಟಿನಲ್ಲಿ ಕಲ್ಲು ಅಖಂಡವಾಗಿರುತ್ತದೆ. ಆದ್ದರಿಂದ ಕಲ್ಲಿಗೆ ಇಟ್ಟಂಗಿಗಿಂತ ಚಿಕ್ಕ ಸಂಖ್ಯೆ ಕೊಡುತ್ತೇನೆ. ಪ್ಲಾಸ್ಟರಿಗೆ ಮೂರೂ ಸ್ಟೈಲಿನಲ್ಲಿ ಒಂದೇ ಸಂಖ್ಯೆ, ಏಕೆಂದರೆ ಪ್ಲಾಸ್ಟರು ಮೂಲೆ ತಿರುಗಿ ಒಂದೇ ಸಮ ಹೋಗಬೇಕು. ಹೀಗೆ ಮಾಡಿದಾಗ ನಕ್ಷೆಯ ಮೂಲೆ ಸೈಟಿನ ಮೂಲೆಯಂತೆ ಕಾಣುತ್ತದೆ. ಲೇಯರ್ ಪದ್ಧತಿಯಲ್ಲಿ ಪ್ರತಿ ಮೂಲೆಯನ್ನೂ ಟ್ರಿಮ್, ಫಿಲೆಟ್ ಮಾಡುತ್ತ ಕೂರಬೇಕು.

ಎರಡನೆಯ ಅನುಕೂಲ ಡಿಸ್‌ಪ್ಲೇ ಕಾನ್ಫಿಗರೇಶನ್. ಕಡಿಮೆ ವಿವರ, ಮಧ್ಯಮ ವಿವರ, ಹೆಚ್ಚು ವಿವರ ಎಂದು ಮೂರು ಸಿದ್ಧವಾಗಿಯೇ ಬರುತ್ತವೆ. ನಮ್ಮ 1:100, 1:50, 1:20ಕ್ಕೆ ಹೇಳಿ ಮಾಡಿಸಿದಂತಿದೆ. ವ್ಯೂಪೋರ್ಟಿಗೆ, ಅಂದರೆ ಹಾಳೆಯ ಮೇಲೆ ನಕ್ಷೆ ತೋರಿಸುವ ಚೌಕಟ್ಟಿಗೆ, ಒಂದೊಂದನ್ನು ಹಚ್ಚಿದರೆ ಅದೇ ಗೋಡೆ ಒಂದರಲ್ಲಿ ಎರಡು ಗೆರೆ, ಇನ್ನೊಂದರಲ್ಲಿ ಪದರ ಪದರ.

ಎಚ್ಚರ ಬೇಕಾಗಿರುವುದು ಓವರ್‌ರೈಡ್, ಅಂದರೆ ಸಾಮಾನ್ಯ ನಿಯಮ ಮೀರಿ ಕೊಡುವ ಬದಲಾವಣೆಯ ವಿಷಯದಲ್ಲಿ. ಕಾಣುವ ಬಗೆಯನ್ನು ಮೂರು ಮೆಟ್ಟಿಲಿನಲ್ಲಿ ಹೇಳಬಹುದು: ಇಡೀ ನಕ್ಷೆಗೆ, ಒಂದು ಸ್ಟೈಲಿಗೆ, ಒಂದೇ ಒಂದು ಗೋಡೆಗೆ. ಕೆಳಗಿನ ಮೆಟ್ಟಿಲಿನ ಮಾತೇ ಅಂತಿಮ. ಅವಸರದಲ್ಲಿ ಒಂದು ಗೋಡೆಗೆ ಮಾತ್ರ ಬದಲಾವಣೆ ಮಾಡಿ ಬಿಟ್ಟರೆ, ಆರು ತಿಂಗಳ ನಂತರ ಸ್ಟೈಲ್ ಬದಲಿಸಿದಾಗ ಆ ಗೋಡೆ ಬದಲಾಗುವುದಿಲ್ಲ. ಏಕೆ ಎಂದು ಯಾರಿಗೂ ಹೊಳೆಯುವುದಿಲ್ಲ. ನಮ್ಮಲ್ಲಿ ಇಟ್ಟುಕೊಂಡ ನಿಯಮ ಇಷ್ಟೇ: ಬಿಡಿ ಗೋಡೆಗೆ ಓವರ್‌ರೈಡ್ ಹಾಕುವುದಿಲ್ಲ, ಬೇಕಾದರೆ ಹೊಸ ಸ್ಟೈಲ್ ಮಾಡುತ್ತೇವೆ.

ರೆವಿಟ್: ಅದೇ ಶಬ್ದ, ಬೇರೆ ಅರ್ಥ

ಇಡೀ ಕಟ್ಟಡವನ್ನು ಒಂದೇ ತ್ರೀಡಿ ಮಾದರಿಯಾಗಿ ಮಾಡುವ ರೆವಿಟ್ಟಿನಲ್ಲಿ ಮ್ಯಾನೇಜ್ ಟ್ಯಾಬಿನಡಿ ಆಬ್ಜೆಕ್ಟ್ ಸ್ಟೈಲ್ಸ್ ಎಂಬ ಹೆಸರಿನ ಕೋಷ್ಟಕವೇ ಇದೆ. ಆಟೋಕ್ಯಾಡ್ ಆರ್ಕಿಟೆಕ್ಚರಿನಿಂದ ಬಂದವರು ಇಲ್ಲಿಯೇ ಎಡವುತ್ತಾರೆ. ಅಲ್ಲಿ ಸ್ಟೈಲ್ ಎಂದರೆ ಗೋಡೆಯ ದಪ್ಪ, ಪದರ, ಗೆರೆ ಎಲ್ಲ ಸೇರಿದ ಗಂಟು. ರೆವಿಟ್ಟಿನಲ್ಲಿ ಆ ಗಂಟು ಎರಡಾಗಿದೆ. ದಪ್ಪ ಮತ್ತು ಪದರ ವಾಲ್ ಟೈಪಿನಲ್ಲಿ, ಅಂದರೆ ಗೋಡೆಯ ಬಗೆಯಲ್ಲಿ. ಗೆರೆಯ ದಪ್ಪ, ಬಣ್ಣ, ಮಾದರಿ ಆಬ್ಜೆಕ್ಟ್ ಸ್ಟೈಲ್ಸ್ ಕೋಷ್ಟಕದಲ್ಲಿ. ಕೋಷ್ಟಕ ನಡೆಯುವುದು ಕೆಟಗರಿಯ ಮೇಲೆ, ಅಂದರೆ ಗೋಡೆಗಳು, ಬಾಗಿಲುಗಳು, ಕಿಟಕಿಗಳು ಎಂಬ ಜಾತಿಯ ಮೇಲೆ. ಕತ್ತರಿಸಿದಾಗ ಎಷ್ಟು ದಪ್ಪ, ದೂರದಿಂದ ಕಂಡಾಗ ಎಷ್ಟು ದಪ್ಪ ಎಂದು ಎರಡು ಅಂಕಣ.

ಹಾಗಾಗಿ ಆಬ್ಜೆಕ್ಟ್ ಸ್ಟೈಲ್ಸ್‌ನಲ್ಲಿ ಕೂತು ಕಲ್ಲಿನ ಗೋಡೆಗೆ ಒಂದು ದಪ್ಪ, ಇಟ್ಟಂಗಿ ಗೋಡೆಗೆ ಇನ್ನೊಂದು ದಪ್ಪ ಕೊಡಲು ಆಗುವುದಿಲ್ಲ. ರೆವಿಟ್ಟಿಗೆ ಎರಡೂ ಗೋಡೆಗಳೇ. ಮೊದಲ ವಾರದಲ್ಲೇ ಈ ಮಾತು ತಿಳಿದರೆ ಮುಂದಿನ ಒಂದು ತಿಂಗಳ ಒದ್ದಾಟ ತಪ್ಪುತ್ತದೆ. ದಾರಿ ಮೂರಿವೆ. ಮಟೀರಿಯಲ್‌ಗೆ ಕಟ್ ಪ್ಯಾಟರ್ನ್ ಕೊಟ್ಟರೆ ಕಲ್ಲಿಗೆ ಕಲ್ಲಿನ ಗುರುತು, ಇಟ್ಟಂಗಿಗೆ ಓರೆಗೆರೆ ಬರುತ್ತದೆ. 1:50ಕ್ಕೆ ಇದು ಸರಿ. ಪದರ ಕಾಣದ ಕೋರ್ಸ್ ವಿವರದಲ್ಲಿ, ಅಂದರೆ ನಮ್ಮ 1:100ರಲ್ಲಿ, ವಾಲ್ ಟೈಪಿನಲ್ಲೇ ಇರುವ ಕೋರ್ಸ್ ಸ್ಕೇಲ್ ಫಿಲ್ ಬಳಸಬೇಕು. ಗೆರೆಯ ದಪ್ಪವೇ ಬೇರೆ ಬೇಕೆಂದರೆ ಟೈಪಿನ ಹೆಸರನ್ನು ಹಿಡಿಯುವ ಒಂದು ಫಿಲ್ಟರ್ ಮಾಡಿ ವ್ಯೂ ಟೆಂಪ್ಲೇಟಿಗೆ, ಅಂದರೆ ಹಲವು ನೋಟಗಳಿಗೆ ಒಟ್ಟಿಗೆ ಹಚ್ಚುವ ಸಿದ್ಧ ನಿಯಮಗಳಿಗೆ, ಹಾಕಬೇಕು.

ಗೆರೆಯ ದಪ್ಪಕ್ಕೆ ಇಲ್ಲಿ ಮಿಲಿಮೀಟರ್ ಬರೆಯುವುದಿಲ್ಲ, 1ರಿಂದ 16ರವರೆಗಿನ ಒಂದು ಸಂಖ್ಯೆ ಕೊಡುತ್ತೇವೆ. ಆ ಸಂಖ್ಯೆ ಯಾವ ಸ್ಕೇಲಿನಲ್ಲಿ ಎಷ್ಟು ಮಿಮೀ ಎಂಬುದಕ್ಕೆ ಬೇರೆ ಕೋಷ್ಟಕವಿದೆ. ಇದು ಬಹಳ ಒಳ್ಳೆಯ ಏರ್ಪಾಟು. ಗೋಡೆಗೆ 5 ಎಂದು ಬರೆದಿದ್ದರೆ 1:50ರ ಹಾಳೆಯಲ್ಲಿ ಅದು ದಪ್ಪ, 1:100ರ ಹಾಳೆಯಲ್ಲಿ ತಾನಾಗಿ ತೆಳು. ಸಣ್ಣ ನಕ್ಷೆಯಲ್ಲಿ ಗೆರೆಗಳು ಒಂದಕ್ಕೊಂದು ಅಂಟಿ ಕಪ್ಪು ಮುದ್ದೆ ಆಗುವುದಿಲ್ಲ. ಲೇಯರ್ ಪದ್ಧತಿಯಲ್ಲಿ ಇದಕ್ಕಾಗಿ ಎರಡು ಸಿಟಿಬಿ ಇಟ್ಟುಕೊಳ್ಳುತ್ತೇವೆ.

ಮೇಲುಗೈ ಯಾವುದರದು ಎಂಬುದನ್ನು ಬರೆದು ಆಫೀಸಿನ ಗೋಡೆಗೆ ಅಂಟಿಸಿಕೊಳ್ಳಿ. ಆಬ್ಜೆಕ್ಟ್ ಸ್ಟೈಲ್ಸ್ ತಳಪಾಯ. ಅದರ ಮೇಲೆ ಆ ವ್ಯೂನ ವಿಸಿಬಿಲಿಟಿ ಗ್ರಾಫಿಕ್ಸ್. ಅದರ ಮೇಲೆ ಫಿಲ್ಟರ್. ಎಲ್ಲಕ್ಕೂ ಮೇಲೆ ಬಿಡಿ ವಸ್ತುವಿಗೆ ಹಾಕಿದ ಓವರ್‌ರೈಡ್. "ಆಬ್ಜೆಕ್ಟ್ ಸ್ಟೈಲ್ಸ್ ಬದಲಿಸಿದೆ, ಹಾಳೆಯಲ್ಲಿ ಏನೂ ಆಗಲಿಲ್ಲ" ಎಂದು ಯಾರಾದರೂ ಅಂದರೆ ಮೊದಲು ಮೇಲಿನ ಮೂರರಲ್ಲಿ ಹುಡುಕಬೇಕು.

ಹಳೆಯದು ಒಡೆದು ಹೊಸದು ಕಟ್ಟುವ ನಮ್ಮ ಮನೆಯಲ್ಲಿ ರೆವಿಟ್ ಗೆಲ್ಲುವುದು ಫೇಸ್, ಅಂದರೆ ಕೆಲಸದ ಹಂತದ ವಿಷಯದಲ್ಲಿ. ಪಡಸಾಲೆಯ ಗೋಡೆ ಹಿಂದಿನ ಹಂತದ್ದು, ಬಾಗಿಲಿಗಾಗಿ ಒಡೆಯುವ ಭಾಗ ಈ ಹಂತದಲ್ಲಿ ಹೋಗುವುದು, ಅಡುಗೆಮನೆ ಈ ಹಂತದಲ್ಲಿ ಬರುವುದು ಎಂದು ಒಮ್ಮೆ ಹೇಳಿದರೆ ಒಡೆಯುವ ನಕ್ಷೆ, ಕಟ್ಟುವ ನಕ್ಷೆ ಎರಡೂ ಒಂದೇ ಮಾದರಿಯಿಂದ ಬರುತ್ತವೆ. ಸೋಲುವುದು ಅಟ್ಟದಂಥ ವಿಷಯದಲ್ಲಿ. ಅಟ್ಟವನ್ನು ಸ್ಲ್ಯಾಬ್ ಆಗಿ ಮಾಡಿದರೆ, ಪ್ಲಾನ್ ಕತ್ತರಿಸುವ ಎತ್ತರಕ್ಕಿಂತ ಮೇಲಿರುವ ಅದು ಕಾಣುವುದೇ ಇಲ್ಲ. ಅಂಡರ್‌ಲೇ, ಅಂದರೆ ಬೇರೆ ಮಟ್ಟದ ನಕ್ಷೆಯ ಮಸುಕು ನೋಟ, ಹಚ್ಚಿ ಲೈನ್‌ವರ್ಕ್ ಉಪಕರಣದಿಂದ ಓವರ್‌ಹೆಡ್ ಎಂಬ ಗೆರೆ ಕೊಡಬೇಕು, ಅದೂ ಪ್ರತಿ ವ್ಯೂಗೆ ಬೇರೆ ಬೇರೆಯಾಗಿ.

ಇನ್ನೊಂದು ಕಿರಿಕಿರಿ, ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಫ್ಯಾಮಿಲಿಗಳು, ಅಂದರೆ ಬಾಗಿಲು, ಕಿಟಕಿಗಳಂಥ ಸಿದ್ಧ ವಸ್ತುಗಳು. ಒಂದೊಂದು ಬಾಗಿಲೂ ತನ್ನದೇ ಸಬ್‌ಕೆಟಗರಿ ಹೊತ್ತು ತರುತ್ತದೆ. ಕೆಲವು ತಿಂಗಳಲ್ಲಿ ಪ್ಯಾನೆಲ್, ಡೋರ್ ಪ್ಯಾನೆಲ್, ಪ್ಯಾನೆಲ್-2 ಎಂದು ಕೋಷ್ಟಕ ಉದ್ದವಾಗುತ್ತದೆ. ಸಾಗವಾನಿ ಚೌಕಟ್ಟಿನ ಎರಡು ಪಡಿಯ ಬಾಗಿಲು, ಗ್ರಿಲ್ ಇರುವ ಕಿಟಕಿ ಇವನ್ನು ನೀವೇ ಮಾಡಿಕೊಳ್ಳಿ. ನಮ್ಮ ಕಡೆಯ ಮನೆಗೆ ಹತ್ತು ಹನ್ನೆರಡು ಫ್ಯಾಮಿಲಿ ಸಾಕು.

ಆರ್ಕಿಕ್ಯಾಡ್, ಸ್ಕೆಚ್‌ಅಪ್

ಹಂಗೇರಿಯ ಗ್ರಾಫಿಸಾಫ್ಟ್‌ನ ಆರ್ಕಿಕ್ಯಾಡ್ ಆಟೋಕ್ಯಾಡ್, ರೆವಿಟ್ ಎರಡರ ನಡುವೆ ನಿಲ್ಲುತ್ತದೆ. 255 ಪೆನ್, ಅವುಗಳ ಪೆನ್ ಸೆಟ್ ಇರುವುದರಿಂದ ಸಿಟಿಬಿಗೆ ಒಗ್ಗಿದವರಿಗೆ ಬೇಗ ತಿಳಿಯುತ್ತದೆ; ಸ್ಕೇಲಿಗೊಂದು ಪೆನ್ ಸೆಟ್ ಇಟ್ಟುಕೊಂಡರೆ ಹಾಳೆಯ ಗೆರೆ ಅದರಂತೆ ಬದಲಾಗುತ್ತದೆ. 2013ರ 17ನೇ ಆವೃತ್ತಿಯಿಂದ ಬಿಲ್ಡಿಂಗ್ ಮಟೀರಿಯಲ್ ಬಂದಿದೆ. ಕಲ್ಲು, ಇಟ್ಟಂಗಿ, ಪ್ಲಾಸ್ಟರ್ ಒಂದೊಂದಕ್ಕೂ 0ಯಿಂದ 999ರವರೆಗೆ ಬಲದ ಸಂಖ್ಯೆ. ಇಲ್ಲಿ ದೊಡ್ಡ ಸಂಖ್ಯೆಯೇ ಮುಂದೆ ಹಾಯುತ್ತದೆ, ಆಟೋಕ್ಯಾಡ್ ಆರ್ಕಿಟೆಕ್ಚರಿಗೆ ಉಲ್ಟಾ. ಎರಡನ್ನೂ ಬಳಸುವವರು ಜೋಪಾನ. ಹಳೆಯದು-ಒಡೆಯುವುದು-ಹೊಸದು ಎಂಬ ಗುರುತಿಗೂ ಅದರಲ್ಲಿ ಸೌಲಭ್ಯವಿದೆ. ಆಫೀಸಿನಲ್ಲಿ ಬಲ್ಲವರಿದ್ದರೆ ಧಾರಾಳವಾಗಿ ಆರಿಸಿಕೊಳ್ಳಿ. ಸ್ಕೆಚ್‌ಅಪ್ಪಿನಲ್ಲಿ ಸ್ಟೈಲ್ ಎಂದರೆ ಇಡೀ ಚಿತ್ರದ ವೇಷ, ಗೋಡೆಯದಲ್ಲ. ಮನೆಯವರಿಗೆ ತೋರಿಸಲು ಚೆಂದ, ಕೆಲಸದ ನಕ್ಷೆಗೆ ನಾನು ಅದನ್ನು ಹೇಳುವುದಿಲ್ಲ.

ಫೈಲ್ ಆಫೀಸಿನ ಹೊರಗೆ ಹೋದಾಗ

ನೀವು ಏನನ್ನೇ ಆರಿಸಿದರೂ ಸ್ಟ್ರಕ್ಚರಲ್ ಇಂಜಿನಿಯರು ಡಿಡಬ್ಲ್ಯೂಜಿ, ಅಂದರೆ ಆಟೋಕ್ಯಾಡ್ ಬಗೆಯ ಫೈಲ್, ಕೇಳುತ್ತಾರೆ. ನಕ್ಷೆಯನ್ನು ಲೇಯರ್ ಹೆಸರಿನಿಂದ ಓದುವ ಅನುಮೋದನೆ ವ್ಯವಸ್ಥೆ ಇರುವ ಕಡೆ ಆ ಹೆಸರುಗಳು ಅಕ್ಷರ ತಪ್ಪದೆ ಇರಬೇಕು. ಇಲ್ಲಿ ಸಾದಾ ಆಟೋಕ್ಯಾಡಿಗೆ ತೊಂದರೆಯೇ ಇಲ್ಲ. ಆಟೋಕ್ಯಾಡ್ ಆರ್ಕಿಟೆಕ್ಚರಿನ ಗೋಡೆಗಳು ಬೇರೆ ಕಂಪನಿಯ ಸಾಫ್ಟ್‌ವೇರಿನಲ್ಲಿ ಹಿಡಿತಕ್ಕೆ ಸಿಗದ ವಸ್ತುಗಳಾಗಿ ತೆರೆಯಬಹುದು, ಆದ್ದರಿಂದ ಎಕ್ಸ್‌ಪೋರ್ಟ್ ಟು ಆಟೋಕ್ಯಾಡ್ ಮಾಡಿ ಸಾದಾ ಗೆರೆಯಾಗಿಸಿ ಕೊಡಬೇಕು. ಆದರೆ ಮೂಲ ಫೈಲನ್ನು ಒಡೆಯಬಾರದು, ಪ್ರತಿಯನ್ನೇ ಕೊಡಬೇಕು. ರೆವಿಟ್ಟಿನಲ್ಲಿ ಎಕ್ಸ್‌ಪೋರ್ಟ್ ಸೆಟಪ್ ಎಂಬಲ್ಲಿ ಪ್ರತಿ ಕೆಟಗರಿಗೂ ಲೇಯರ್ ಹೆಸರು ಮತ್ತು ಬಣ್ಣ ಬರೆಯಬೇಕು. ಅರ್ಧ ದಿನದ ಕೆಲಸ. ಒಮ್ಮೆ ಮಾಡಿ ಟೆಂಪ್ಲೇಟಿನಲ್ಲಿ ಉಳಿಸಿದರೆ ಮುಗಿಯಿತು. ಅತ್ತಲಿಂದ ಬಂದ ಡಿಡಬ್ಲ್ಯೂಜಿಯನ್ನು ರೆವಿಟ್ಟಿಗೆ ಲಿಂಕ್ ಮಾಡಿ. ಇಂಪೋರ್ಟ್ ಮಾಡಿ ಎಕ್ಸ್‌ಪ್ಲೋಡ್ ಮಾಡಿದರೆ ಅದರ ಗೆರೆಮಾದರಿಗಳೆಲ್ಲ ನಿಮ್ಮ ಕೋಷ್ಟಕಕ್ಕೆ ಬಂದು ಸೇರುತ್ತವೆ.

ಯಾರಿಗೆ ಯಾವುದು

ಒಬ್ಬರೇ ಕೂತು 30-40ರ ಸೈಟಿನ ಮನೆ, ಅನುಮೋದನೆ ನಕ್ಷೆ ಮಾಡುವವರು ಲೇಯರ್ ಪದ್ಧತಿ ಬಿಡಬೇಕಾಗಿಲ್ಲ. ಒಂದು ಟೆಂಪ್ಲೇಟ್, ಒಂದು ಸಿಟಿಬಿ, ಶುದ್ಧವಾದ ಇಪ್ಪತ್ತು ಬ್ಲಾಕ್ ಸಾಕು. ಮೂರು ನಾಲ್ಕು ಜನ ಒಂದೇ ನಕ್ಷೆಗೆ ಕೈ ಹಾಕುತ್ತಾರೆ, 1:20ರ ವಿವರದವರೆಗೆ ಹೋಗುತ್ತೀರಿ, ಪೂರ್ಣ ಆಟೋಕ್ಯಾಡ್ ಇದೆ ಎಂದಾದರೆ ಆರ್ಕಿಟೆಕ್ಚರ್ ಟೂಲ್‌ಸೆಟ್‌ನ ಸ್ಟೈಲುಗಳಿಗೆ ಹೋಗಿ. ಹೊಸ ಖರ್ಚಿಲ್ಲ, ಹಳೆಯ ಕೈಚಳಕವೂ ವ್ಯರ್ಥವಾಗುವುದಿಲ್ಲ. ಆಸ್ಪತ್ರೆ, ಶಾಲೆ, ಅಪಾರ್ಟ್‌ಮೆಂಟ್ ಮಾಡುವವರು, ಸೆಕ್ಷನ್-ಎಲಿವೇಶನ್-ಬಾಗಿಲಿನ ಪಟ್ಟಿ ಎಲ್ಲ ಒಂದಕ್ಕೊಂದು ಹೊಂದಬೇಕು ಎನ್ನುವವರು ರೆವಿಟ್ ಕಲಿಯಲೇಬೇಕು. ಒಂದು ಷರತ್ತು: ಆಬ್ಜೆಕ್ಟ್ ಸ್ಟೈಲ್ಸ್ ಮತ್ತು ವ್ಯೂ ಟೆಂಪ್ಲೇಟ್ ಒಬ್ಬರ ಜವಾಬ್ದಾರಿಯಲ್ಲಿರಬೇಕು. ಎಲ್ಲರೂ ತಿದ್ದುವ ಕೋಷ್ಟಕಕ್ಕಿಂತ ಕೋಷ್ಟಕವೇ ಇಲ್ಲದಿರುವುದು ಮೇಲು.

ಹಳೆಯ ಕಟ್ಟಡ ಅಳೆದು ನಕ್ಷೆ ಮಾಡುವ ವಿದ್ಯಾರ್ಥಿಗಳಿಗೆ ಮಾತ್ರ ನನ್ನ ಸಲಹೆ ಬೇರೆ. ವಿಜಯಪುರದ ಗೋಲಗುಮ್ಮಟವನ್ನು ತೆಗೆದುಕೊಳ್ಳಿ. ಗೋಡೆ ಸುಮಾರು 3 ಮೀಟರ್ ದಪ್ಪ. ಚೌಕದ ಮೇಲೆ ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ ನಿಂತಿರುವುದು ಒಂದನ್ನೊಂದು ದಾಟುವ ಎಂಟು ಕಮಾನುಗಳ ಮೇಲೆ. ಪ್ಲಾನಿನಲ್ಲಿ ಆ ಕಮಾನುಗಳನ್ನು ತುಂಡುಗೆರೆಯಲ್ಲಿ ಇಳಿಸಿದರೆ ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕ ಕಾಣುತ್ತವೆ. ಆ ನಕ್ಷೆಯ ಜೀವ ತಲೆಯ ಮೇಲಿನ ಗೆರೆಗಳಲ್ಲಿದೆ. ಇಂಥಲ್ಲಿ ವಾಲ್ ಸ್ಟೈಲ್ ಹುಡುಕುತ್ತ ಕೂರಬೇಡಿ. ಅಳೆದದ್ದನ್ನು ಅಳೆದಂತೆ ಲೇಯರಿನಲ್ಲಿ ಎಳೆಯಿರಿ. ಸೊಟ್ಟಗಿರುವ ಹಳೆಯ ಗೋಡೆಗೆ ಒಂದೇ ದಪ್ಪದ ಸ್ಟೈಲ್ ಹಾಕಿದರೆ, ನೀವು ಬಿಸಿಲಲ್ಲಿ ನಿಂತು ಟೇಪು ಹಿಡಿದು ಅಳೆದ ಸತ್ಯವೇ ನಕ್ಷೆಯಿಂದ ಅಳಿಸಿಹೋಗುತ್ತದೆ.

ತೀರ್ಮಾನಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಕಲ್ಲು-ಇಟ್ಟಂಗಿ ಮೂಲೆ, ಒಂದು ಬಾಗಿಲು, ಒಂದು ಕಿಟಕಿ, ಒಂದು ಅಟ್ಟದ ತುಂಡುಗೆರೆ, ಒಡೆಯುವ ಗೋಡೆಯ ಒಂದು ತುಂಡು. ಇಷ್ಟನ್ನೇ ಎರಡು ಪದ್ಧತಿಯಲ್ಲಿ ಮಾಡಿ 1:50 ಮತ್ತು 1:100ರಲ್ಲಿ, ನೀವು ಯಾವಾಗಲೂ ಹೋಗುವ ಅಂಗಡಿಯಲ್ಲೇ ಪ್ರಿಂಟ್ ತೆಗೆಸಿ. ಹಾಳೆಯನ್ನು ಸೈಟಿಗೆ ಒಯ್ದು ಗೌಂಡಿಯವರ ಕೈಗೆ ಕೊಡಿ. ನೀವು ಏನನ್ನೂ ವಿವರಿಸದೆ, ಯಾವುದು ಕಟ್ಟುವುದು, ಯಾವುದು ಒಡೆಯುವುದು, ಯಾವುದು ತಲೆಯ ಮೇಲಿನದು ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.